ಎಂಜೈಮ್ ಹೇಗೂ ಇದೆಯಲ್ಲ, ನಕಲು ಯಾಕೆ?

ಏನು ಕೆಲಸ ಮಾಡ್ತೀರಿ ಅಂತ ಯಾರಾದರೂ ಕೇಳಿದರೆ, ಎಂಜೈಮ್ ಮಾಡುವ ಕೆಲಸವನ್ನೇ ಮಾಡಬಲ್ಲ ಸಣ್ಣ ಲೋಹದ ಸಂಯುಕ್ತಗಳನ್ನು ತಯಾರಿಸುತ್ತೇವೆ ಅನ್ನುತ್ತೇನೆ. ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: "ಎಂಜೈಮ್ ಹೇಗೂ ಇದೆಯಲ್ಲ, ಮತ್ತೆ ನಕಲು ಯಾಕೆ?"

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ಸಂತ ನೊರೆ ಏಳುತ್ತದೆ, ಅಲ್ವಾ? ಅದು ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಎಂಜೈಮಿನ ಕೆಲಸ. ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ. ಒಂದೇ ಒಂದು ಕ್ಯಾಟಲೇಸ್ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಮುಗಿಸಿಬಿಡುತ್ತದೆ. ಹತ್ತಾರು ಸಾವಿರ ಪರಮಾಣುಗಳ ದೊಡ್ಡ ಪ್ರೋಟೀನ್ ಉಂಡೆ ಅದು. ಆದರೆ ಒಡೆಯುವ ಕೆಲಸ ನಡೆಯುವುದು ಕಬ್ಬಿಣದ ಮೇಲೆ, ಮತ್ತು ಇಡೀ ಉಂಡೆಯಲ್ಲಿ ಕಬ್ಬಿಣದ ಪರಮಾಣು ನಾಲ್ಕೇ ನಾಲ್ಕು.

ಹಾಗಾದರೆ ಮಿಕ್ಕಿದ್ದೆಲ್ಲ ಯಾಕೆ? ನಾವು ನಕಲು ಮಾಡುವುದು ಇದನ್ನು ತಿಳಿಯೋಕೆ.

ಸುಮ್ನೆ ಕಬ್ಬಿಣದ ಲವಣ ಹಾಕಿದರೂ ಪೆರಾಕ್ಸೈಡ್ ಒಡೆಯುತ್ತದೆ. ಆದರೆ ಬಲು ನಿಧಾನ. ಸಾಲದ್ದಕ್ಕೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಪುಂಡ ಕಣ ಹುಟ್ಟಿ ಅಕ್ಕಪಕ್ಕ ಸಿಕ್ಕಿದ್ದನ್ನೆಲ್ಲ ಹಾಳುಮಾಡುತ್ತದೆ. ಅಂದರೆ ಲೋಹ ಒಂದಿದ್ದರೆ ಸಾಲದು. ಅದರ ಸುತ್ತ ಯಾರು, ಎಷ್ಟು ಹತ್ತಿರ ಕೂತಿದ್ದಾರೆ ಅನ್ನುವುದೂ ಮುಖ್ಯ.

ನಮ್ಮಲ್ಲಿ ಹೊಸದಾಗಿ ಬಂದವರಿಗೆ ಮೊದಲು ಕಲಿಸುವುದು ಸ್ಯಾಲೆನ್, ಲೋಹವನ್ನು ಸುತ್ತಲಿಂದ ಹಿಡಿದುಕೊಳ್ಳುವ ಒಂದು ಸಣ್ಣ ಅಣು. ಬಿಸಿ ಎಥನಾಲ್‌ನಲ್ಲಿ ಸ್ಯಾಲಿಸಿಲಾಲ್ಡಿಹೈಡ್ ಕರಗಿಸಿ, ಎಥಿಲೀನ್‌ಡೈಅಮೀನ್ ಹನಿಹನಿಯಾಗಿ ಬಿಡಬೇಕು. ನೋಡನೋಡುತ್ತಲೇ ಫ್ಲಾಸ್ಕಿನ ತುಂಬ ಹೊಳೆಯುವ ಹಳದಿ ಹರಳು. ನನಗೆ ಇವತ್ತಿಗೂ ಅದನ್ನು ನೋಡೋದಂದ್ರೆ ಖುಷಿ. ಅದಕ್ಕೆ ಮ್ಯಾಂಗನೀಸ್ ಅಸಿಟೇಟ್ ಸೇರಿಸಿ, ಗಾಳಿಗೆ ತೆರೆದಿಟ್ಟು ಕಲಕಿದರೆ ಗಾಢ ಕಂದು ಬಣ್ಣ ಬರುತ್ತದೆ. ಎಲ್ಲ ಸೇರಿ ಸುಮಾರು 40 ಪರಮಾಣು, ಅಷ್ಟೇ. ಅದನ್ನು ಒಂದು ಚಿಟಿಕೆ ಪೆರಾಕ್ಸೈಡಿಗೆ ಹಾಕಿ ನೋಡಿ, ಗುಳ್ಳೆ ಏಳುತ್ತದೆ. ಕ್ಯಾಟಲೇಸ್‌ನ ವೇಗದ ಹತ್ತಿರಕ್ಕೂ ಬರುವುದಿಲ್ಲ ಅನ್ನಿ. ಸ್ವಲ್ಪ ಹೊತ್ತಿಗೆ ಕಂದು ಬಣ್ಣ ಮಾಸುತ್ತದೆ, ಗುಳ್ಳೆಯೂ ನಿಲ್ಲುತ್ತದೆ. ಪೆರಾಕ್ಸೈಡ್ ನಮ್ಮ ಸಂಯುಕ್ತವನ್ನೇ ತಿಂದುಹಾಕಿರುತ್ತದೆ.

ಸುತ್ತಲಿನ ಪ್ರೋಟೀನ್ ಏನು ಮಾಡುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಎಂಜೈಮಿನದ್ದಲ್ಲ, ಹಿಮೋಗ್ಲೋಬಿನ್‌ನದು. ಅದರೊಳಗಿನ ಹೀಮ್ ಅನ್ನು, ಅಂದರೆ ನಡುವೆ ಕಬ್ಬಿಣ ಕೂತಿರುವ ಉಂಗುರವನ್ನು, ಹೊರತೆಗೆದು ದ್ರಾವಣದಲ್ಲಿ ಬಿಟ್ಟರೆ ಆಮ್ಲಜನಕವನ್ನು ಹಿಡಿಯುತ್ತದೇನೋ ನಿಜ, ಆದರೆ ಇನ್ನೊಂದು ಹೀಮ್ ಬಂದು ಅದೇ ಆಮ್ಲಜನಕದ ಆ ತುದಿಯನ್ನು ಹಿಡಿಯುತ್ತದೆ. ಆಮೇಲೆ ಬಿಡಿಸೋಕಾಗಲ್ಲ, ಒಂಥರಾ ತುಕ್ಕು ಹಿಡಿದ ಹಾಗೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಕಾಲ್‌ಮನ್ ಅವರ ತಂಡ ಹೀಮ್‌ನಂಥದ್ದೇ ಉಂಗುರದ ಒಂದು ಬದಿಗೆ ಪರಮಾಣು ಗುಂಪುಗಳ ನಾಲ್ಕು ಗೂಟ ನೆಟ್ಟಿತು. ಬೇಲಿ ಕಟ್ಟಿದ ಹಾಗೆ. ಆಮ್ಲಜನಕ ಒಳಗೆ ನುಗ್ಗಬಹುದು, ಇನ್ನೊಂದು ಉಂಗುರಕ್ಕೆ ಜಾಗವಿಲ್ಲ. ಆಮ್ಲಜನಕ ಬಂತು, ಕೂತಿತು, ಹೋಯಿತು. ಅಷ್ಟು ದೊಡ್ಡ ಪ್ರೋಟೀನಿನ ಒಂದು ಮುಖ್ಯ ಕೆಲಸ ಬೇರೆಯವರನ್ನು ದೂರ ಇಡುವುದು ಅಂತ ನಾಲ್ಕು ಗೂಟ ತೋರಿಸಿಕೊಟ್ಟವು.

ಲೋಹವನ್ನೇ ಬದಲಿಸಿ ಗೆದ್ದವರೂ ಇದ್ದಾರೆ. ಹೈಡ್ರೋಜಿನೇಸ್ ಎಂಬ ಎಂಜೈಮ್ ಪ್ರೋಟಾನ್‌ಗಳನ್ನು ಹೈಡ್ರೋಜನ್ ಅನಿಲ ಮಾಡುತ್ತದೆ. ಅದರ ಒಂದು ಬಗೆಯಲ್ಲಿ ಎರಡು ಕಬ್ಬಿಣದ ಪಕ್ಕ ಒಂದು ಸಾರಜನಕ ಕೂತು, ಪ್ರೋಟಾನ್‌ಗಳನ್ನು ಕೈಯಿಂದ ಕೈಗೆ ದಾಟಿಸುತ್ತದೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಡೇನಿಯಲ್ ಡುಬೊಯಿಸ್ ಮತ್ತು ಸಂಗಡಿಗರು ಕಬ್ಬಿಣ ಬಿಟ್ಟು ನಿಕ್ಕಲ್ ತಗೊಂಡರು, ಸಾರಜನಕವನ್ನು ಮಾತ್ರ ಅದೇ ಥರ ಪಕ್ಕದಲ್ಲಿ ಕೂರಿಸಿದರು. 2011ರಲ್ಲಿ ಅವರು ಪ್ರಕಟಿಸಿದ ವೇಗ ಸೆಕೆಂಡಿಗೆ 1 ಲಕ್ಷಕ್ಕೂ ಜಾಸ್ತಿ ಹೈಡ್ರೋಜನ್ ಅಣು. ಎಂಜೈಮನ್ನೇ ಮೀರಿಸಿದ್ದು! ಆದರೆ ಈ ಕೆಲಸಕ್ಕೆ ಎಲೆಕ್ಟ್ರಾನ್‌ಗಳನ್ನೂ ಒದಗಿಸಬೇಕು, ಎಂಜೈಮ್ ಹೆಚ್ಚುವರಿ ವೋಲ್ಟೇಜ್ ಬೇಡದೇ ಮಾಡುವ ಕೆಲಸಕ್ಕೆ ಇದಕ್ಕೆ ಅರ್ಧ ವೋಲ್ಟಿಗಿಂತ ಜಾಸ್ತಿ ಬೇಕಿತ್ತು. ವೇಗದ ಸುದ್ದಿ ಹಬ್ಬಿದಷ್ಟು ಈ ಮಾತು ಹಬ್ಬುವುದಿಲ್ಲ.

ಉಪಯೋಗ ಏನು ಅಂತಲೂ ಕೇಳುತ್ತಾರೆ. ಎಂಜೈಮ್ ಬಿಸಿಗೆ ಕೆಡುತ್ತದೆ, ಎಷ್ಟೋ ದ್ರಾವಕಗಳಲ್ಲಿ ಬದುಕುವುದಿಲ್ಲ. ಸಣ್ಣ ಸಂಯುಕ್ತಕ್ಕೆ ಆ ಗೋಳು ಕಮ್ಮಿ. ಎಂಜೈಮ್ ತೂರಲಾಗದ ಕಡೆಗೂ ಅದು ತೂರಬಹುದು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ, ದೇಹದಲ್ಲಿ ಹುಟ್ಟುವ ಹಾನಿಕರ ಸೂಪರ್‌ಆಕ್ಸೈಡನ್ನು ತೆಗೆಯುವ ಎಂಜೈಮನ್ನು ಹೋಲುವ ಮ್ಯಾಂಗನೀಸ್ ಸಂಯುಕ್ತವೊಂದನ್ನು, ವಿಕಿರಣ ಚಿಕಿತ್ಸೆಯಿಂದ ಬಾಯಿಹುಣ್ಣಾಗುವ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿದ್ದೂ ಆಗಿದೆ. ಅಮೆರಿಕದ ಔಷಧ ಇಲಾಖೆ 2023ರಲ್ಲಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ.

ನಮ್ಮ ದೊಡ್ಡ ತಲೆನೋವು ವೇಗ ಅಲ್ಲ, ಬಾಳಿಕೆ. ಎಂಜೈಮ್ ಹಾಳಾದರೆ ಜೀವಕೋಶ ಇನ್ನೊಂದು ಮಾಡಿಕೊಳ್ಳುತ್ತದೆ. ನಮ್ಮದು ಹಾಳಾದರೆ ರಿಪೇರಿ ಮಾಡೋರು ಯಾರೂ ಇಲ್ಲ. ಈಗ ಆ ಸ್ಯಾಲೆನ್‌ನ ಅಂಚುಗಳಿಗೆ ಬ್ಯೂಟೈಲ್ ಎಂಬ, ಇಂಗಾಲ-ಹೈಡ್ರೋಜನ್ನಿನ ದಪ್ಪನೆಯ ಗುಂಪುಗಳನ್ನು ಕಟ್ಟಿ ನೋಡುತ್ತಿದ್ದೇವೆ. ಒಂಥರಾ ಕಾಲ್‌ಮನ್ ಬೇಲಿಯೇ. ಈ ಸಲ ಕಂದು ಬಣ್ಣ ಎಷ್ಟು ಹೊತ್ತು ನಿಲ್ಲುತ್ತದೋ ನೋಡಬೇಕು.