ನೀಲಿ ಮಲಗುವ ಮನೆಯಲ್ಲಿ ಒಂದು ಬೆಳಗ್ಗೆ

ಅಕ್ಟೋಬರ್ ನಡುಭಾಗ, ಜಪಾನಿನ ಶಿಕೊಕು ದ್ವೀಪದ ತೊಕುಶಿಮಾ. ಮಣ್ಣಿನ ಗೋಡೆಯ ಕೊಟ್ಟಿಗೆಯ ಬಾಗಿಲು ಸರಿಸುತ್ತಿದ್ದಂತೆ ಅಮೋನಿಯಾ ಮೂಗಿಗೆ ಹೊಡೆದು ಕಣ್ಣು ತುಂಬಿ ಬರುತ್ತದೆ. ಒಳಗೆ ನೀಲಿ ಬಣ್ಣ ಕೊಡುವ ಗಿಡದ ಎಲೆಯ ರಾಶಿ, ಸೊಂಟದೆತ್ತರಕ್ಕಿದೆ. ಈ ಮನೆಗೆ ನೆದೊಕೊ ಎನ್ನುತ್ತಾರೆ, ಅಂದರೆ ಮಲಗುವ ಹಾಸಿಗೆ. ಒಂದು ಹಾಸಿಗೆಗೆ ಸುಮಾರು 3,000 ಕಿಲೋ ಒಣ ಎಲೆ ಬೇಕು. ಕಡಿಮೆಯಾದರೆ ರಾಶಿ ತನ್ನ ಕಾವನ್ನು ತಾನೇ ಹಿಡಿದಿಡಲಾರದು.

ನಮ್ಮ ನೀಲಿ ಗಿಡ ತೊಗರಿ, ಹುರುಳಿಯ ಬಳಗದ್ದು. ಇಲ್ಲಿಯ ತಾದೆಐ ಬೇರೆ ಜಾತಿ. ಮಾರ್ಚ್‌ನಲ್ಲಿ ಬಿತ್ತಿ, ಹೂ ಬಿಡುವ ಮೊದಲೇ ಕೊಯ್ಯುತ್ತಾರೆ. ಕೊಯ್ದದ್ದನ್ನು ಕತ್ತರಿಸಿ ಗಾಳಿಗೆ ತೂರಿದರೆ ಹಗುರ ಎಲೆ ದೂರ ಹಾರುತ್ತದೆ, ಕಾಂಡ ಹತ್ತಿರವೇ ಬೀಳುತ್ತದೆ. ಬಣ್ಣವಿರುವುದು ಎಲೆಯಲ್ಲಿ. ಅದನ್ನು ನೀರಿನಲ್ಲಿ ನೆನೆಹಾಕದೆ, ಸೆಪ್ಟೆಂಬರ್‌ನಿಂದ ಸುಮಾರು ನೂರು ದಿನ ರಾಶಿಯಲ್ಲೇ ಹುದುಗಿಸಿ ಸುಕುಮೊ, ಅಂದರೆ ಬಣ್ಣದ ಕಚ್ಚಾ ಸಾಮಗ್ರಿ, ಮಾಡುತ್ತಾರೆ. ತಿಪ್ಪೆಗೊಬ್ಬರ ಕಂಡವರಿಗೆ ಇದರ ಅರ್ಧ ಗುಟ್ಟು ಗೊತ್ತೇ ಇರುತ್ತದೆ.

ಈ ದಿನದ ಕೆಲಸ ಕಿರಿಕಾಯೆಶಿ, ಅಂದರೆ ರಾಶಿ ಮಗುಚುವುದು. ಐದು ದಿನಕ್ಕೊಮ್ಮೆಯಂತೆ ಇಪ್ಪತ್ತರಷ್ಟು ಸಲ ಇದು ನಡೆಯುತ್ತದೆ. ಹಲ್ಲಿನ ಗುದ್ದಲಿಯಿಂದ ರಾಶಿಯನ್ನು ಅಂಚಿನಿಂದ ಕೆಡವಿ, ಗಂಟು ಒಡೆದು, ನೀರು ಚಿಮುಕಿಸಿ ಪಕ್ಕದಲ್ಲಿ ಮತ್ತೆ ಒಟ್ಟುತ್ತಾರೆ. ಒಡೆದ ಕಡೆಯಲ್ಲೆಲ್ಲ ಹಬೆ. ಒಳಗಿನ ಕಾವು 60ರಿಂದ 70 ಡಿಗ್ರಿ. ಗಂಟು ಹಾಗೇ ಉಳಿದರೆ ಅದರೊಳಗೆ ಗಾಳಿಯಾಡದೆ ಎಲೆ ಒಂದೇ ಸಮ ಹುದುಗುವುದಿಲ್ಲ.

ನೀರು ಎಷ್ಟು ಎಂದು ಹೇಳುವವನಿಗೆ ಮಿಜುಶಿ ಎಂಬ ಹೆಸರೇ ಇದೆ, ನೀರಿನ ಮೇಸ್ತ್ರಿ. ಹೆಚ್ಚಾದರೆ ಎಲೆ ಕೊಳೆತು ಬಣ್ಣ ಹೋಗುತ್ತದೆ, ಕಡಿಮೆಯಾದರೆ ಹುದುಗು ನಿಲ್ಲುತ್ತದೆ. ಅವನು ಒಂದು ಹಿಡಿ ತೆಗೆದು ಹಿಂಡಿ ನೋಡುತ್ತಾನೆ, ಮೂಸುತ್ತಾನೆ. ವಾಸನೆಯ ಖಾರ ಏರಿದೆಯೋ ಇಳಿದಿದೆಯೋ ಎಂಬುದರ ಮೇಲೆ ಆ ದಿನದ ನೀರು. ಥರ್ಮಾಮೀಟರ್ ಕಾವನ್ನಷ್ಟೇ ಹೇಳುತ್ತದೆ. ನೆಲವೂ ಲೆಕ್ಕದ್ದೇ: ಕೆಳಗೆ ಕಲ್ಲು, ಮರಳು, ಭತ್ತದ ಹೊಟ್ಟು, ಮೇಲೆ ಜೇಡಿಮಣ್ಣು. ಹೆಚ್ಚಾದ ನೀರು ಬಸಿದು ಹೋಗಬೇಕಲ್ಲ. ಸಿಮೆಂಟ್ ನೆಲವಾದರೆ ಆ ನೀರು ಅಡಿಯಲ್ಲೇ ನಿಂತುಬಿಡುತ್ತದೆ.

ಇದೆಲ್ಲ ಇಲ್ಲೇ ಬೇರೂರಿದ್ದು ಯೊಶಿನೊ ನದಿಯ ದೆಸೆಯಿಂದ. ಚಂಡಮಾರುತದ ನೆರೆ ಭತ್ತ ಕೊಯ್ಯುವ ಹೊತ್ತಿಗೇ ಬಂದು ಪೈರು ಕೊಚ್ಚುತ್ತಿತ್ತು. ನೀಲಿ ಅಷ್ಟರಲ್ಲಿ ಕೊಯ್ಲಾಗಿರುತ್ತಿತ್ತು, ನೆರೆ ಬಿಟ್ಟುಹೋದ ಮೆಕ್ಕಲು ಮುಂದಿನ ಬೆಳೆಗೆ ಗೊಬ್ಬರ. 1585ರಲ್ಲಿ ಈ ಸೀಮೆಯನ್ನು ಆಳಲು ಬಂದ ಹಚಿಸುಕಾ ಮನೆತನ ಈ ಬೆಳೆಗೆ ಒತ್ತು ಕೊಟ್ಟಿತು. ಇಲ್ಲಿನ ವಾಕಿಮಾಚಿ ಎಂಬ ಊರಿನ ವರ್ತಕರ ಮನೆಗಳಿಗೆ ಪಕ್ಕದಲ್ಲಿ ಉದತ್ಸು ಎಂಬ ಬೆಂಕಿತಡೆ ಗೋಡೆಗಳಿವೆ. ನೀಲಿಯ ಹಣವೇ ಅವನ್ನು ಎತ್ತರಿಸಿತು. ಮೇಜಿ ಕಾಲದಲ್ಲಿ (1868–1912) ಭಾರತದ ಅಗ್ಗದ ನೀಲಿ, ಆಮೇಲೆ ಜರ್ಮನಿಯ ಕೃತಕ ನೀಲಿ ಬಂದು ಇದನ್ನು ನೆಲಕಚ್ಚಿಸಿದವು. ನಮ್ಮ ದೇಶದ ಬಣ್ಣವೇ ಇನ್ನೊಬ್ಬರ ಬಣ್ಣಕ್ಕೆ ಮುಳುವಾದದ್ದು ಇಲ್ಲಿ ನಿಂತಾಗ ಸ್ವಲ್ಪ ಮುಜುಗರದ ಸಂಗತಿ.

ಸುಕುಮೊವೇ ಬಣ್ಣವಲ್ಲ. ಬಣ್ಣಗಾರ ಅದಕ್ಕೆ ಮರದ ಬೂದಿನೀರು, ಗೋಧಿ ಬೂಸಾ, ಚಿಪ್ಪಿನ ಸುಣ್ಣ, ಸ್ವಲ್ಪ ಸಾಕೆ ಎಂಬ ಅಕ್ಕಿಯ ಮದ್ಯ ಸೇರಿಸಿ ನೆಲದಲ್ಲಿ ಹೂತ ಗುಡಾಣದಲ್ಲಿ ವಾರ, ಹತ್ತು ದಿನ ಬೆಚ್ಚಗಿಡುತ್ತಾನೆ. ಮೇಲೆ ನೀಲಿ ನೊರೆ ಎದ್ದರೆ ಗುಡಾಣ ಎಚ್ಚರಾಯಿತು ಎಂದರ್ಥ, ಆ ನೊರೆಗೆ ‘ನೀಲಿಯ ಹೂವು’ ಎನ್ನುತ್ತಾರೆ. ಕ್ಷಾರ ಇಳಿದರೆ ಬೇಡದ ಸೂಕ್ಷ್ಮಜೀವಿಗಳು ಹತ್ತಿ ಗುಡಾಣ ಕೆಡುತ್ತದೆ, ಸುಣ್ಣ ಹೆಚ್ಚಾದರೆ ಬೇಕಾದವೇ ಸೋತುಬಿಡುತ್ತವೆ. ಅದ್ದಿದ ಬಟ್ಟೆ ಹಸಿರಾಗಿ ಹೊರಬಂದು, ಗಾಳಿ ತಾಗಿದಂತೆ ನೀಲಿಗೆ ತಿರುಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ರಾಶಿ ಮತ್ತೆ ಎದ್ದು ನಿಂತಿರುತ್ತದೆ. ಚಳಿ ಶುರುವಾಗಿರುವುದರಿಂದ ಮೇಲೆ ಹುಲ್ಲಿನ ಚಾಪೆ ಹೊದಿಸುತ್ತಾರೆ, ಅದಕ್ಕೂ ಹೆಸರು ‘ಫುತೋನ್’, ಜಪಾನೀಯರು ಮಲಗುವಾಗ ಬಳಸುವ ಹಾಸಿಗೆ-ಹೊದಿಕೆಯದ್ದೇ. ಡಿಸೆಂಬರ್‌ನಲ್ಲಿ 56.25 ಕಿಲೋಗೆ ಒಂದರಂತೆ ಹುಲ್ಲಿನ ಚೀಲಕ್ಕೆ ತುಂಬುವವರೆಗೆ ಇನ್ನೂ ಹತ್ತು, ಹನ್ನೊಂದು ಮಗುಚುವಿಕೆ ಬಾಕಿ.