ಬಿಲ್ಡ್ ಟೈಮಲ್ಲಿ ಯಾವ ಟೈಮು?

ಎಲ್‌ಎಲ್‌ವಿಎಮ್ (ಕಂಪೈಲರ್ ಕಟ್ಟೋಕೆ ಬಳಸೋ ದೊಡ್ಡ ಓಪನ್ ಸೋರ್ಸ್ ಪ್ರಾಜೆಕ್ಟು) ಸೋರ್ಸ್ ಇಳಿಸ್ಕೊಂಡು ಡೀಬಗ್ ಬಿಲ್ಡ್, ಅಂದ್ರೆ ತಪ್ಪು ಹುಡುಕೋಕೆ ಬೇಕಾದ ಮಾಹಿತಿನೂ ಸೇರ್ಸಿದ ಬಿಲ್ಡ್, ಹಾಕಿದೋರಿಗೆ ಈ ಕಷ್ಟ ಗೊತ್ತಿರುತ್ತೆ. ಕಂಪೈಲ್ ಆಗೋವರೆಗೂ ಏನೂ ತೊಂದ್ರೆ ಇಲ್ಲ, ಫ್ಯಾನು ಒದರ್ತಾ ಇರುತ್ತೆ, ಬಿಲ್ಡ್ ಓಡಿಸೋ ನಿಂಜಾದ ಲೆಕ್ಕ ಸರಸರ ಏರ್ತಾ ಇರುತ್ತೆ, ಲಿಂಕಿಂಗ್ (ಕಂಪೈಲ್ ಆದ ತುಣುಕುಗಳನ್ನ ಜೋಡಿಸಿ ಒಂದು ಪ್ರೋಗ್ರಾಂ ಮಾಡೋದು) ಅನ್ನೋ ಸಾಲುಗಳು ಶುರುವಾದ್ವೋ ಮೌಸು ಕೂಡ ಅಲ್ಲಾಡಲ್ಲ. ನನ್ನ ಲ್ಯಾಪ್‌ಟಾಪಲ್ಲಿ ಇರೋದು 16 ಜಿಬಿ ರ‍್ಯಾಮು, ಲಿಂಕ್ ಮಾಡೋ ಎಲ್‌ಡಿಯ ಒಂದೊಂದು ಪ್ರೋಸೆಸ್ಸು ಜಿಬಿಗಟ್ಟಲೆ ತಿನ್ನುತ್ತೆ, ನಾಲ್ಕೈದು ಒಟ್ಟಿಗೆ ಓಡಿದ್ರೆ ಮುಗೀತು, ಕರ್ನಲ್ ಬಂದು ಯಾವುದೋ ಒಂದನ್ನ ಸಾಯಿಸಿ "ಟರ್ಮಿನೇಟೆಡ್ ವಿತ್ ಸಿಗ್ನಲ್ 9" ಅಂತ ಒಂದು ಸಾಲು ಬಿಸಾಕಿ ಹೋಗುತ್ತೆ.

ನಮ್ಮ ಟೀಮಲ್ಲಿರೋ ಹುಡುಗ ಒಬ್ಬ ಊಟಕ್ಕೆ ಕೂತಾಗೆಲ್ಲ "ಅಣ್ಣಾ, ಸ್ಟ್ಯಾಟಿಕ್ ಬಿಡಿ, ಎಲ್ಲಾನೂ ಶೇರ್ಡ್ ಲೈಬ್ರರಿ ಮಾಡ್ಕೊಳ್ಳಿ, ಅರ್ಧಕ್ಕರ್ಧ ಟೈಮ್ ಉಳಿಯುತ್ತೆ" ಅಂತಿದ್ದ. ಸ್ಟ್ಯಾಟಿಕ್ ಅಂದ್ರೆ ಲೈಬ್ರರಿ ಕೋಡು ಪ್ರತಿ ಪ್ರೋಗ್ರಾಂ ಒಳಗೇ ಸೇರ್ಕೊಳ್ಳೋದು, ಶೇರ್ಡ್ ಅಂದ್ರೆ ಅದು ಬೇರೆ ಫೈಲಾಗಿದ್ದು ಓಡೋವಾಗ ಎಲ್ಲಾ ಪ್ರೋಗ್ರಾಮೂ ಹಂಚ್ಕೊಳ್ಳೋದು. ಅರ್ಧ ಅನ್ನೋದು ನಂಗ್ಯಾಕೋ ಒಪ್ಪಿಗೆ ಆಗ್ಲಿಲ್ಲ. ಒಂದು ಶನಿವಾರ ಮನೆಯವರೆಲ್ಲ ಮದುವೆಗೆ ಹೋಗಿದ್ರು, ಸರಿ ನೋಡೇಬಿಡೋಣ ಅಂತ ಎರಡು ಬಿಲ್ಡ್ ಡೈರೆಕ್ಟರಿ ಮಾಡಿದೆ. ಒಂದ್ರಲ್ಲಿ ಮಾಮೂಲಿ ಸ್ಟ್ಯಾಟಿಕ್, ಇನ್ನೊಂದ್ರಲ್ಲಿ ಬಿಲ್ಡ್ ಹೆಂಗಿರ್ಬೇಕು ಅಂತ ಸಿದ್ಧ ಮಾಡೋ ಸಿಮೇಕ್‌ಗೆ ಬಿಲ್ಡ್ ಶೇರ್ಡ್ ಲಿಬ್ಸ್ ಅನ್ನೋ ಆಪ್ಷನ್ ಆನ್. ಸಿಸಿಕ್ಯಾಶ್ ಆಫ್ ಮಾಡಿದ್ದೆ, ಅದು ಕಂಪೈಲ್ ಮಾಡಿದ್ದನ್ನ ಮಾತ್ರ ನೆನಪಿಟ್ಕೊಳ್ಳುತ್ತೆ, ಲಿಂಕಿಂಗ್‌ಗೆ ಕೈ ಹಾಕಲ್ಲ, ಆನ್ ಇದ್ರೆ ಹೋಲಿಕೆ ಎಲ್ಲಾ ಕೆಟ್ಟೋಗುತ್ತೆ. ಒಟ್ಟಿಗೆ ಓಡೋ ಲಿಂಕ್‌ಗಳಿಗೂ ಎರಡು ಸಾಕು ಅಂತ ಮಿತಿ ಹಾಕ್ದೆ, ಎಲ್‌ಎಲ್‌ವಿಎಮ್‌ನಲ್ಲಿ ಅದಕ್ಕೇ ಅಂತ ಒಂದು ಆಪ್ಷನ್ ಇದೆ.

ಮೊದಲಿಂದ ಕೊನೆವರೆಗೂ ಪೂರ್ತಿ ಬಿಲ್ಡು ಮಾಡಿದಾಗ ಅರ್ಧವೂ ಇಲ್ಲ, ಕಾಲುಭಾಗವೂ ಇಲ್ಲ. ಶೇರ್ಡು ಸ್ವಲ್ಪ ಮುಂದೆ, ಅಷ್ಟೇ. ಟೈಮ್ ಕಮಾಂಡ್ ಕೊಡೋ ಮೂರು ಸಾಲಲ್ಲಿ ಯೂಸರ್ (ಪ್ರೋಗ್ರಾಂನ ಕೆಲ್ಸಕ್ಕೇ ಪ್ರೊಸೆಸರ್ ಕೊಟ್ಟ ಟೈಮು) ಅನ್ನೋ ಸಾಲಂತೂ ಎರಡ್ರಲ್ಲೂ ಹೆಚ್ಚುಕಮ್ಮಿ ಒಂದೇ. ಅದು ಹಾಗೇ ಇರ್ಬೇಕಲ್ವಾ, ಸಾವಿರಾರು ಸಿ++ ಫೈಲು, ಒಂದೊಂದ್ರಲ್ಲೂ ಟೆಂಪ್ಲೇಟು ಹೆಡರ್ರು, ಅದನ್ನೆಲ್ಲ ಕಂಪೈಲ್ ಮಾಡೋ ಖರ್ಚು ಆಮೇಲೆ ಹೆಂಗೆ ಜೋಡಿಸಿದ್ರೂ ತಪ್ಪಲ್ಲ.

ಆದ್ರೆ ಪೂರ್ತಿ ಬಿಲ್ಡ್ ಯಾರು ದಿನಾ ಮಾಡ್ತಾರೆ? ಒಂದು ಸಾಲು ಬದಲಾಯ್ಸು, ಬಿಲ್ಡ್ ಒತ್ತು, ಟೆಸ್ಟ್ ಓಡ್ಸು, ನಮ್ಮ ದಿನ ಕಳೆಯೋದೇ ಹಿಂಗೆ. ಅದಕ್ಕೆ ಸಪೋರ್ಟ್ ಲೈಬ್ರರಿಲಿರೋ ಸ್ಟ್ರಿಂಗ್‌ರೆಫ್ ಫೈಲು ತೆಗೆದು ಒಂದು ಸಾಲು ಕೆದಕಿದೆ. ಬೇಕಂತಲೇ ಅದನ್ನ ಆರಿಸಿದ್ದು, ಎಲ್ಲಾ ಟೂಲೂ ಅದರ ಮೇಲೇ ನಿಂತಿರೋದು.

ಸ್ಟ್ಯಾಟಿಕ್ ಡೈರೆಕ್ಟರಿಲಿ ಆ ಒಂದು ಫೈಲು ಕಂಪೈಲ್ ಆಗೋದು ಕೆಲವೇ ಸೆಕೆಂಡು, ಆರ್ಕೈವ್ (ಸ್ಟ್ಯಾಟಿಕ್ ಲೈಬ್ರರಿ ಫೈಲು) ಮತ್ತೆ ಕಟ್ಟೋದು ಕಣ್ಣು ಮಿಟುಕಿಸೋ ಅಷ್ಟು, ಆಮೇಲೆ ಆಪ್ಟ್, ಎಲ್‌ಎಲ್‌ಸಿ, ಸಿ++ ಕಂಪೈಲರ್ ಆದ ಕ್ಲಾಂಗ್, ಇನ್ನೂ ಹತ್ತಾರು ಟೂಲು ಒಂದಾದ್ಮೇಲೆ ಒಂದು ಲಿಂಕ್ ಆಗ್ತಾ ಹೋದ್ವು, ಕಾಫಿ ಮಾಡ್ಕೊಂಡು ಕುಡಿದು ಲೋಟ ತೊಳೆದಿಟ್ಟು ಬಂದ್ರೂ ಮುಗಿದಿರ್ಲಿಲ್ಲ. ಊರಿಗೊಂದು ಬಾವಿ ಸಾಕಾಗೋ ಕಡೆ ಮನೆಗೊಂದು ಬಾವಿ ತೋಡಿದ ಹಾಗೆ, ಪ್ರತಿ ಟೂಲೂ ಅದೇ ಕೋಡನ್ನ ತನ್ನೊಳಗೆ ನಕಲು ಮಾಡ್ಕೊಳ್ಳುತ್ತೆ. ಕೋಡಾದ್ರೂ ಪರವಾಗಿಲ್ಲ, ನಿಜವಾದ ಭಾರ ಇರೋದು ಡೀಬಗ್ ಮಾಹಿತಿದು, ಡ್ವಾರ್ಫ್ ಅಂತಾರಲ್ಲ ಅದು, ಅದನ್ನೆಲ್ಲ ಓದಿ ವಿಳಾಸ ತಿದ್ದಿ ಮತ್ತೆ ಡಿಸ್ಕಿಗೆ ಬರೀಬೇಕು. ಎಲ್‌ಎಲ್‌ವಿಎಮ್ ಜೊತೆ ಕ್ಲಾಂಗನ್ನೂ ಡೀಬಗ್‌ನಲ್ಲಿ ಕಟ್ಟಿದ್ರೆ 15ರಿಂದ 20 ಜಿಬಿ ಜಾಗ ಬೇಕು ಅಂತ ಅವರ ಡಾಕ್ಯುಮೆಂಟೇ ಹೇಳುತ್ತೆ.

ಶೇರ್ಡ್ ಡೈರೆಕ್ಟರಿಲಿ ಅದೇ ಬದಲಾವಣೆ ಮಾಡ್ದೆ. ಸಪೋರ್ಟ್‌ದು ಒಂದೇ ಒಂದು ಎಸ್‌ಒ (ಶೇರ್ಡ್ ಲೈಬ್ರರಿ) ಫೈಲು ಲಿಂಕ್ ಆಯ್ತು, ಅಷ್ಟೇ, ಬಿಲ್ಡ್ ಮುಗೀತು. ಇದಕ್ಕೆ ಒಂದು ಷರತ್ತಿದೆ, ಲೈಬ್ರರಿ ಬದಲಾಯ್ತು ಅಂದ ಮಾತ್ರಕ್ಕೆ ಅದನ್ನ ಬಳಸೋ ಎಲ್ಲವನ್ನೂ ಮತ್ತೆ ಲಿಂಕ್ ಮಾಡೋದು ಬೇಡ ಅಂತ ಸಿಮೇಕ್‌ಗೆ ಹೇಳಿರ್ಬೇಕು, ಲಿಂಕ್ ಡಿಪೆಂಡ್ಸ್ ನೋ ಶೇರ್ಡ್ ಅನ್ನೋ ಪ್ರಾಪರ್ಟಿ, ನಾನು ಮೊದಲೇ ಹಾಕಿದ್ದೆ. ಈ ವಿಷ್ಯದಲ್ಲಿ ಹುಡುಗ ಹೇಳಿದ ಅರ್ಧ ಕೂಡ ತೀರಾ ಕಮ್ಮಿನೇ ಆಯ್ತು, ಕಾಫಿ ಇರ್ಲಿ, ನೀರು ಕುಡಿಯೋಕೂ ಪುರುಸೊತ್ತು ಸಿಗಲ್ಲ.

ಅಷ್ಟಕ್ಕೇ ನಿಲ್ಲಿಸಿದ್ರೆ ಅವನೇ ಗೆದ್ದ ಅನ್ಬಹುದಿತ್ತು. ಆದ್ರೆ ಟೆಸ್ಟ್ ಓಡಿಸ್ಬೇಕಲ್ಲ. ಚೆಕ್ ಎಲ್‌ಎಲ್‌ವಿಎಮ್ ಅಂತ ಕೊಟ್ರೆ ಅದು ಸಾವಿರಗಟ್ಟಲೆ ಪುಟ್ಟ ಪುಟ್ಟ ಟೆಸ್ಟು, ಪ್ರತಿಯೊಂದಕ್ಕೂ ಆಪ್ಟ್ ಶುರು ಮಾಡು, ಅದರ ಔಟ್‌ಪುಟ್ ಸರಿ ಇದ್ಯಾ ನೋಡೋ ಫೈಲ್‌ಚೆಕ್ ಶುರು ಮಾಡು, ಮುಗ್ಸು, ಮತ್ತೆ ಶುರು ಮಾಡು. ಶೇರ್ಡ್ ಬಿಲ್ಡಲ್ಲಿ ಒಂದು ಆಪ್ಟ್ ಎದ್ದೇಳ್ಬೇಕಾದ್ರೆ ಹತ್ತಾರು ಎಸ್‌ಒ ಹುಡುಕಿ ಮೆಮೊರಿಗೆ ತಂದು ಸಿಂಬಲ್ (ಫಂಕ್ಷನ್ನು, ಡೇಟಾಗಳ ಹೆಸರು) ಜೋಡಿಸ್ಬೇಕು. ಫಂಕ್ಷನ್ ಕರೆಗಳನ್ನ ಬೇಕಾದಾಗ ಜೋಡಿಸ್ಕೊಳ್ತೀನಿ ಅಂತ ಈ ಕೆಲ್ಸ ಮಾಡೋ ಲೋಡರ್ ಮುಂದಕ್ಕೆ ಹಾಕ್ಬಹುದು, ಆದ್ರೆ ಸಿ++ನ ವಿ-ಟೇಬಲ್‌ಗಳು (ಫಂಕ್ಷನ್‌ಗಳ ವಿಳಾಸದ ಪಟ್ಟಿಗಳು) ಹಾಗಲ್ಲ, ಶುರುವಲ್ಲೇ ತುಂಬಿರ್ಬೇಕು. ಎಲ್‌ಡಿ ಡೀಬಗ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಸ್ಟ್ಯಾಟಿಸ್ಟಿಕ್ಸ್ ಅಂತ ಕೊಟ್ಟು ಆಪ್ಟ್‌ನ ವರ್ಷನ್ ಕೇಳಿದೆ, ಬರೀ ವರ್ಷನ್ನು, ಲೋಡರ್ ತಗೊಂಡ ಟೈಮಲ್ಲಿ ಹೆಚ್ಚಿನ ಪಾಲು ರಿಲೊಕೇಶನ್‌ಗೇ, ಅಂದ್ರೆ ವಿಳಾಸ ತಿದ್ದೋಕೇ, ಹೋಗಿತ್ತು. ಒಂದು ಸಲಕ್ಕೆ ಅದು ಗೊತ್ತೂ ಆಗಲ್ಲ, ಸಾವಿರಗಟ್ಟಲೆ ಸಲ ಆದಾಗ ಲಿಂಕಲ್ಲಿ ಉಳಿಸಿದ್ದನ್ನ ಟೆಸ್ಟು ಕಿತ್ಕೊಳ್ಳುತ್ತೆ. ಹುಡುಗನ ವಾದದಲ್ಲಿ ಈ ಲೆಕ್ಕ ಇರ್ಲೇ ಇಲ್ಲ.

ಸಂಜೆ ಹೊತ್ತಿಗೆ ಇನ್ನೊಂದು ತಲೆಗೆ ಬಂತು, ನಾನು ಇಷ್ಟೊತ್ತು ಜಗಳ ಆಡ್ತಿರೋದು ಹಳೇ ಗ್ನೂ ಲಿಂಕರ್ (ಅದೇ ಎಲ್‌ಡಿ) ಜೊತೆ ಅಂತ. ಸ್ಟ್ಯಾಟಿಕ್ ಡೈರೆಕ್ಟರಿಗೆ ಎಲ್‌ಎಲ್‌ವಿಎಮ್‌ದೇ ಲಿಂಕರ್ ಆದ ಎಲ್‌ಎಲ್‌ಡಿ ಹಾಕಿ, ಡ್ವಾರ್ಫನ್ನ ಬೇರೆ ಫೈಲಿಗೆ ಎತ್ತಿಡೋ ಸ್ಪ್ಲಿಟ್ ಡ್ವಾರ್ಫ್ ಆನ್ ಮಾಡಿ ಮತ್ತೆ ಕಟ್ಟಿದೆ. ಅದೇ ಸ್ಟ್ರಿಂಗ್‌ರೆಫ್, ಅದೇ ಒಂದು ಸಾಲು, ಈ ಸಲ ಟೂಲುಗಳು ಪಟಪಟ ಲಿಂಕ್ ಆದ್ವು, ರ‍್ಯಾಮೂ ಉಸಿರಾಡ್ತಿತ್ತು. ಎಲ್‌ಎಲ್‌ಡಿ ಕಟ್ಟೋದ್ರಲ್ಲಿ ದೊಡ್ಡ ಕೈ ಇದ್ದ ರೂಯಿ ಉಯೇಮಾನೇ ಆಮೇಲೆ ಮೋಲ್ಡ್ ಅಂತ ಇನ್ನೂ ವೇಗದ್ದು ಬರೆದ್ರು, 2021ರಲ್ಲಿ ಅದರ 1.0 ಬಂತು, ಅದನ್ನ ಆವತ್ತು ಹಾಕಿ ನೋಡ್ಲಿಲ್ಲ, ಅಷ್ಟೊತ್ತಿಗೆ ಹೊಟ್ಟೆ ಹಸಿದಿತ್ತು.

ಸೋಮವಾರ ಹುಡುಗನಿಗೆ ಎಲ್ಲಾ ಹೇಳ್ದೆ. "ನಾನು ಟೆಸ್ಟೆಲ್ಲ ಓಡ್ಸಲ್ಲ ಅಣ್ಣಾ, ಒಂದೋ ಎರಡೋ ಓಡ್ಸಿ ಮಿಕ್ಕಿದ್ದು ಸರ್ವರ್ ನೋಡ್ಕೊಳ್ಳುತ್ತೆ" ಅಂದ. ಹಾಗಿದ್ರೆ ಅವನಿಗೆ ಶೇರ್ಡೇ ಸರಿ, ಅದನ್ನೇ ಇಟ್ಕೊಂಡಿದಾನೆ. ನಾನು ಎಲ್ಲಾ ಟೆಸ್ಟೂ ಇಲ್ಲೇ ಓಡಿಸೋನು, ಸ್ಟ್ಯಾಟಿಕ್ ಜೊತೆ ಎಲ್‌ಎಲ್‌ಡಿ ಇಟ್ಕೊಂಡು ಇನ್ನೊಂದು ಡೈರೆಕ್ಟರಿ ಅಳಿಸಿ ಹಾಕ್ದೆ, ಡಿಸ್ಕಲ್ಲಿ ಜಾಗ ಬೇರೆ ಇರ್ಲಿಲ್ಲ.