ಹೊಟ್ಟೆ ಇನ್ನೂ ಇದೆ, ಗಲ್ಲ ಮಾತ್ರ ಎಲ್ಲಿ ಹೋಯಿತು?

ಬಳ್ಳಾರಿ, ರಾಯಚೂರು, ಕೊಪ್ಪಳ, ಎಲ್ಲೇ ಆಗಲಿ, ತೂಕ ಇಳಿಸುವವರು ಮೂರನೇ ತಿಂಗಳ ಹೊತ್ತಿಗೆ ತಪ್ಪದೆ ಕೇಳುವ ಪ್ರಶ್ನೆ ಇದು: ಪ್ಯಾಂಟಿನ ಸೊಂಟ ಇನ್ನೂ ಬಿಗಿಯಾಗಿಯೇ ಇದೆ, ಅಷ್ಟರಲ್ಲಿ ಮುಖ ಬತ್ತಿಹೋಯಿತಲ್ಲ, ಏನು ಮಾಡಲಿ? ಮದುವೆ ಮನೆಗೆ ಹೋದರಂತೂ ಮುಗಿಯಿತು. ಚಪ್ಪಲಿ ಬಿಡುವ ಮೊದಲೇ ಯಾರೋ ಹಿರಿಯರು ತಡೆದು, "ಯಾಕ್ರೀ, ಹಿಂಗ್ಯಾಕ ಇಳಿದೀರಿ? ಆರಾಮ ಅದೀರಿಲ್ಲ? ಸಕ್ಕರಿ ಗಿಕ್ಕರಿ ಬಂತೇನ್ರಿ?" ಅನ್ನುತ್ತಾರೆ. ಮನೆಗೆ ಬಂದು ಕನ್ನಡಿ ನೋಡಿಕೊಂಡವರು ಮರುದಿನದಿಂದ ಎರಡು ರೊಟ್ಟಿ ಜಾಸ್ತಿ ಹಾಕಿಕೊಳ್ಳುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ.

ಗಲ್ಲ ತುಂಬಲಿ ಎಂದು ತಿನ್ನಬೇಡಿ. ತಿಂದದ್ದು ಗಲ್ಲಕ್ಕೇ ಹೋಗಿ ಕೂರು ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಇಳಿಸುವ ವೇಗ ತಗ್ಗಿಸಿ, ಸ್ನಾಯು ಉಳಿಸಿಕೊಳ್ಳಿ, ತೂಕ ಒಂದು ಕಡೆ ನಿಂತ ಮೇಲೆ ಆರು ತಿಂಗಳು ಮುಖಕ್ಕೆ ಬಿಡಿ. ನನ್ನ ಉತ್ತರ ಇಷ್ಟೇ, ಮುಂದಿನದೆಲ್ಲ ಅದರ ವಿವರ.

ಮುಖದ ಕೊಬ್ಬು ಒಂದೇ ಹಾಳೆಯಾಗಿ ಹರಡಿಕೊಂಡಿಲ್ಲ. ಕಣ್ಣ ಕೆಳಗೆ, ಗಲ್ಲದ ಮೇಲೆ, ಗಲ್ಲದ ಒಳಗೆ, ಕಣತಲೆಯಲ್ಲಿ ಸಣ್ಣ ಸಣ್ಣ ದಿಂಬುಗಳಂತೆ ಬೇರೆ ಬೇರೆಯಾಗಿ ಇದೆ. ಒಟ್ಟು ಪ್ರಮಾಣವೇ ಕಡಿಮೆ, ಮೇಲಿನ ಚರ್ಮವೂ ತೆಳು. ಹಾಗಾಗಿ ಕೆಲವೇ ಗ್ರಾಂ ಹೋದರೂ ಎಲುಬಿನ ಅಂಚು ಕಾಣುತ್ತದೆ. ಹೊಟ್ಟೆಯ ಸುತ್ತ ಇರುವುದು ಕಿಲೋ ಲೆಕ್ಕದ ಕೊಬ್ಬು, ಅಲ್ಲಿಂದ ಅರ್ಧ ಕಿಲೋ ಹೋದರೂ ಕಣ್ಣಿಗೆ ಕಾಣದು. ಯಾವ ಜಾಗದ ಕೊಬ್ಬು ಮೊದಲು ಕರಗಬೇಕು ಎಂಬುದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ನೂರು ಸಿಟ್-ಅಪ್ ಹೊಡೆದರೂ ಆ ಸರದಿ ಬದಲಾಗುವುದಿಲ್ಲ.

ಮೊದಲ ಹತ್ತು ದಿನದ ಇಳಿತದಲ್ಲಿ ಕೊಬ್ಬಿಗಿಂತ ನೀರೇ ಜಾಸ್ತಿ. ಅನ್ನ, ರೊಟ್ಟಿಯ ಪಿಷ್ಟವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ನಿಂತಿರುತ್ತದೆ. ಊಟ ಕಡಿಮೆಯಾದಾಗ ಎರಡೂ ಖಾಲಿಯಾಗುತ್ತವೆ. ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಬಿಟ್ಟಿರುತ್ತೀರಿ, ಉಪ್ಪು ಹಿಡಿದಿಟ್ಟ ನೀರೂ ಇಳಿಯುತ್ತದೆ. ಕಣ್ಣ ಸುತ್ತಲಿನ ಊತ ಹೋಗಿ ಮುಖ ಸಣ್ಣದಾಗಿ ಕಂಡರೆ ಗಾಬರಿ ಬೇಡ. ಆದರೆ ತಕ್ಕಡಿಯ ಮುಳ್ಳು ಇಳಿಯಲಿ ಎಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಇದು ಅಪಾಯ. ಕಣ್ಣು ಗುಳಿ ಬೀಳುತ್ತದೆ, ತುಟಿ ಒಡೆಯುತ್ತದೆ, ತಲೆ ತಿರುಗುತ್ತದೆ. ಮೂತ್ರ ತಿಳಿ ಹಳದಿ ಇರುವಷ್ಟು ನೀರು, ಮಧ್ಯಾಹ್ನ ಒಂದು ತಂಬಿಗೆ ಮಜ್ಜಿಗೆ ಇರಲೇಬೇಕು.

ಇನ್ನು ವೇಗ. ವಾರಕ್ಕೆ ದೇಹದ ತೂಕದ ಶೇ. 0.5ರಿಂದ 1ರಷ್ಟು ಇಳಿದರೆ ಸಾಕು. 80 ಕಿಲೋ ಇರುವವರಿಗೆ ಅದು 400ರಿಂದ 800 ಗ್ರಾಂ. ವಯಸ್ಸು 40 ದಾಟಿದವರು 400ರ ಹತ್ತಿರವೇ ಇರಲಿ ಎನ್ನುತ್ತೇನೆ. ಚರ್ಮವನ್ನು ಎಳೆದು ಹಿಡಿಯುವ ಕೊಲಾಜನ್ ವಯಸ್ಸಿನ ಜೊತೆ ಕಡಿಮೆಯಾಗುತ್ತದೆ, ಒಳಗಿನ ದಿಂಬು ಬೇಗ ಬತ್ತಿದರೆ ಮೇಲಿನ ಬಟ್ಟೆ ಅಷ್ಟು ಬೇಗ ಕುಗ್ಗದು. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ 450 ಗ್ರಾಂ ಆಯಿತು. ಆ 500 ಹುಡುಕಲು ಉಪವಾಸ ಬೇಕಾಗಿಲ್ಲ. ಪಲ್ಯ, ಒಗ್ಗರಣೆಯಲ್ಲಿ ನಿಮ್ಮ ಪಾಲಿನ ಎಣ್ಣೆ ಎರಡು ದೊಡ್ಡ ಚಮಚ ಕಡಿಮೆ ಮಾಡಿದರೆ 240. ದಿನಕ್ಕೆ ನಾಲ್ಕು ಚಹಾ, ಪ್ರತಿ ಚಹಾಕ್ಕೆ ಎರಡು ಚಮಚ ಸಕ್ಕರೆ ಇದ್ದರೆ, ಸಕ್ಕರೆ ಬಿಟ್ಟಾಗ 160. ರಾತ್ರಿಯ ಅನ್ನದಲ್ಲಿ ಒಂದು ಸಣ್ಣ ಬಟ್ಟಲು ಬಿಟ್ಟರೆ 130. ಲೆಕ್ಕ ಮುಗಿಯಿತು, ಜೋಳದ ರೊಟ್ಟಿ ಮುಟ್ಟಲೇ ಇಲ್ಲ.

ಬರೀ ಸೌತೆಕಾಯಿ, ನಿಂಬೆ ನೀರು, ಒಪ್ಪೊತ್ತಿನ ಊಟ ಎಂದು ತಿಂಗಳಿಗೆ ಏಳು ಕಿಲೋ ಇಳಿಸಿದವರ ಮುಖ ಯಾಕೆ ರೋಗಿಷ್ಟರಂತೆ ಕಾಣುತ್ತದೆ? ಪ್ರೋಟೀನ್ ಇಲ್ಲದೆ, ಭಾರ ಎತ್ತದೆ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬೇ ಅಲ್ಲ. ಸ್ನಾಯುವೂ ಅದರಲ್ಲಿ ಸೇರಿರುತ್ತದೆ. ಹೆಗಲು ಇಳಿದು, ಕತ್ತು ಸಣ್ಣಗಾಗಿ, ಅದರ ಮೇಲೆ ಬತ್ತಿದ ಮುಖ ಕೂತರೆ ನೋಡಿದವರು ಸಕ್ಕರಿ ಬಂತೇ ಎಂದು ಕೇಳದೆ ಇನ್ನೇನು ಕೇಳಿಯಾರು? ಅದೇ ಮುಖ ತುಂಬಿದ ಹೆಗಲಿನ ಮೇಲೆ ಇದ್ದರೆ "ಭಾರಿ ಫಿಟ್ ಆಗೀರಲ್ರಿ" ಅನ್ನುತ್ತಾರೆ.

ತೂಕ ಇಳಿಸುವಾಗ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಪ್ರೋಟೀನ್ ಕನಿಷ್ಠ, 1.6ರವರೆಗೆ ಹೋಗಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. 65 ಕಿಲೋ ಇರುವವರಿಗೆ ದಿನಕ್ಕೆ 78 ಗ್ರಾಂ ಬೇಕು. ನಮ್ಮ ಅಡುಗೆಮನೆಯಲ್ಲೇ ಅದು ಹೇಗೆ ಕೂಡುತ್ತದೆ ನೋಡಿ. ಬೆಳಿಗ್ಗೆ ಎರಡು ಮೊಟ್ಟೆ, ಒಂದು ಲೋಟ ಹಾಲು: 18. ಮಧ್ಯಾಹ್ನ ತಲಾ 50 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿ, 40 ಗ್ರಾಂ ತೊಗರಿ ಬೇಳೆಯ ಗಟ್ಟಿ ಪಪ್ಪು, ಒಂದು ದೊಡ್ಡ ಬಟ್ಟಲು ಮೊಸರು: 25. ಸಂಜೆ 40 ಗ್ರಾಂ ಪುಟಾಣಿ (ಹುರಿಗಡಲೆ): 8. ರಾತ್ರಿ ಒಂದು ರೊಟ್ಟಿ, 50 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಮಾಡಿದ ಪಲ್ಯ: 31. ಒಟ್ಟು 82. ಸೋಯಾ ಬೇಡವೆಂದರೆ 100 ಗ್ರಾಂ ಚಿಕನ್ ಹಾಕಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ನೀರಾದ ಬೇಳೆ ಕಟ್ಟನ್ನು ಬೇಳೆ ಎಂದು ಎಣಿಸುವುದು ಒಂದು. ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಪ್ರೋಟೀನ್ ಎಂದು ಮುಷ್ಟಿಗಟ್ಟಲೆ ತಿನ್ನುವುದು ಇನ್ನೊಂದು. ಶೇಂಗಾ 30 ಗ್ರಾಂ ತಿಂದರೆ ಪ್ರೋಟೀನ್ ಏಳೆಂಟು ಗ್ರಾಂ ಬರುತ್ತದೆ, ಜೊತೆಗೆ 170 ಕ್ಯಾಲರಿಯೂ ಬರುತ್ತದೆ. ಬೆಳಗಿನ ಮಂಡಕ್ಕಿ ಒಗ್ಗರಣೆಯಲ್ಲಿ ಪ್ರೋಟೀನ್ ಹುಡುಕಲೇಬೇಡಿ, ಮೇಲೆ ಉದುರಿಸಿದ ಪುಟಾಣಿ ಪುಡಿಯಷ್ಟೇ ಗತಿ.

ವ್ಯಾಯಾಮ ವಾರಕ್ಕೆ ಮೂರು ದಿನ ಸಾಕು: ಬೈಠಕ್, ದಂಡ ಅಥವಾ ಗೋಡೆಗೆ ಕೈಕೊಟ್ಟು ದಂಡ, ಭಾರವನ್ನು ಎದೆಯ ಕಡೆ ಎಳೆಯುವುದು, ತಲೆಯ ಮೇಲೆ ಎತ್ತುವುದು. ಒಂದೊಂದೂ ಮೂರು ಸುತ್ತು, ಸುತ್ತಿಗೆ ಹತ್ತು-ಹನ್ನೆರಡು. ಕೊನೆಯ ಎರಡು ಕಷ್ಟವಾಗದಿದ್ದರೆ ಭಾರ ಸಾಲದು ಎಂದರ್ಥ. ಎಂಟು-ಹತ್ತು ವಾರಕ್ಕೊಮ್ಮೆ ಎರಡು ವಾರ ತೂಕ ನಿಲ್ಲುವಷ್ಟು ಊಟ ಮಾಡಿ. ತಕ್ಕಡಿ ಒಂದು ಕಿಲೋ ಏರುತ್ತದೆ, ಅದರಲ್ಲಿ ಬಹುಪಾಲು ವಾಪಸ್ಸು ಬಂದ ನೀರು. ಆ ಎರಡು ವಾರದಲ್ಲೇ ಮುಖಕ್ಕೆ ಸ್ವಲ್ಪ ಕಳೆ ಮರಳುತ್ತದೆ.

ದವಡೆ ಕೆತ್ತಿದಂತೆ ಆಗಲಿ ಎಂದು ರಬ್ಬರ್ ಉಂಡೆ ಅಗಿಯುವ ಹುಡುಗರಿಗೆ ಒಂದು ಮಾತು. ಅಗಿದರೆ ಬೆಳೆಯುವುದು ಕಿವಿಯ ಕೆಳಗೆ ದವಡೆಯ ಮೂಲೆಯಲ್ಲಿರುವ ಸ್ನಾಯು. ಅದು ಉಬ್ಬಿದಷ್ಟೂ ಅದರ ಮುಂದಿನ ಗಲ್ಲದ ಗುಳಿ ಇನ್ನೂ ಆಳವಾಗಿ ಕಾಣುತ್ತದೆ. ಕೀಲು ನೋವು ಬೇರೆ. ಮುಖದ ವ್ಯಾಯಾಮದ ಬಗ್ಗೆ 2018ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಗಿತ್ತು: ಕೊನೆಯ ತನಕ ಉಳಿದವರು 16 ಮಹಿಳೆಯರು, 20 ವಾರದ ಅಭ್ಯಾಸ, ಮೊದಲ ಎಂಟು ವಾರ ದಿನವೂ ಅರ್ಧ ಗಂಟೆ, ಆಮೇಲೆ ದಿನ ಬಿಟ್ಟು ದಿನ. ಗಲ್ಲ ಸ್ವಲ್ಪ ತುಂಬಿದಂತೆ ಕಂಡಿತು. ಅಷ್ಟು ಹೊತ್ತು ಇದ್ದರೆ ಮಾಡಿ, ನಷ್ಟವಿಲ್ಲ. ನನ್ನನ್ನು ಕೇಳಿದರೆ ಆ ಅರ್ಧ ಗಂಟೆ ಭಾರ ಎತ್ತಿ ಎನ್ನುತ್ತೇನೆ.

ಗುಟ್ಕಾ, ಅಡಿಕೆ ಹಾಕುವವರು ಕನ್ನಡಿ ಮುಂದೆ ನಿಂತು ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಬಾಯಿ ಪೂರ್ತಿ ತೆರೆದು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಿ. ಮೂರು ಹೋಗದಿದ್ದರೆ, ಖಾರ ತಾಗಿದರೆ ಬಾಯಿ ಉರಿಯುತ್ತಿದ್ದರೆ, ಗಲ್ಲದ ಒಳಗೆ ನಾರು ಕಟ್ಟಿದಂತೆ ಬಿಗಿಯಿದ್ದರೆ, ಗಲ್ಲ ಒಳಗೆಳೆದುಕೊಂಡದ್ದು ಡಯಟ್‌ನಿಂದಲ್ಲ. ಅದು ಅಡಿಕೆಯಿಂದ ಬರುವ ಕಾಯಿಲೆ, ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೂ ತಿರುಗುತ್ತದೆ. ಅದೇ ವಾರ ದಂತವೈದ್ಯರಿಗೆ ತೋರಿಸಿ. ಕೀಳಿಸಿ ಖಾಲಿ ಬಿಟ್ಟ ದವಡೆ ಹಲ್ಲುಗಳೂ ಗಲ್ಲವನ್ನು ಒಳಕ್ಕೆ ಬೀಳಿಸುತ್ತವೆ.

ಚರ್ಮದ ವಿಷಯದಲ್ಲಿ ಬಿಸಿಲೇ ದೊಡ್ಡ ವೈರಿ. ಸಿಂಧನೂರು-ಗಂಗಾವತಿ ರಸ್ತೆಯಲ್ಲಿ ದಿನವೂ ಬೈಕ್ ಓಡಿಸುವವರಿಗೆ ಪೂರ್ತಿ ಮುಖದ ಹೆಲ್ಮೆಟ್, ಕತ್ತಿಗೆ ಟುವಾಲು, ಎಸ್‌ಪಿಎಫ್ 30ರ ಬ್ರಾಡ್ ಸ್ಪೆಕ್ಟ್ರಂ ಸನ್‌ಸ್ಕ್ರೀನ್. ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ ಮತ್ತು ಕತ್ತಿಗೆ ಬೇಕು, ಕಡಲೆ ಕಾಳಿನಷ್ಟು ಸಾಲದು. ಮುಖ ಕಳೆಗುಂದಿತೆಂದು ಔಷಧಿ ಅಂಗಡಿಯಲ್ಲಿ "ಬೆಳ್ಳಗಾಗೋ ಕ್ರೀಮ್" ಕೇಳಿ ತರುವ ಮುನ್ನ ಟ್ಯೂಬಿನ ಹಿಂದೆ ಓದಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂದಿದ್ದರೆ ಅದು ಸ್ಟೆರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಎದ್ದು ಕಾಣುತ್ತವೆ. ಬತ್ತಿದ ಮುಖಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ.

ಮದುವೆ ಮನೆಯ ಆ ಸಕ್ಕರಿ ಪ್ರಶ್ನೆ ಒಮ್ಮೊಮ್ಮೆ ನಿಜವಾಗಿಯೂ ಸರಿಯಾದ ಪ್ರಶ್ನೆ. ನೀವು ಊಟ ಕಡಿಮೆ ಮಾಡಿಯೇ ಇಲ್ಲ, ಆದರೂ ಆರು ತಿಂಗಳಿಂದ ವರ್ಷದೊಳಗೆ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದಿದೆ ಎಂದಾದರೆ, ಅಥವಾ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರ, ಎರಡು ವಾರ ದಾಟಿದ ಕೆಮ್ಮು, ಎದೆ ಬಡಿತ ಇದ್ದರೆ, ಸಕ್ಕರೆ, ಥೈರಾಯ್ಡ್, ಕಫ ಮೂರನ್ನೂ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 6.5 ಮುಟ್ಟಿದ್ದರೆ ಡಯಟ್ ಮಾತು ಆಮೇಲೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳ ಬಗ್ಗೆಯೂ ಕೇಳುತ್ತಾರೆ. ಮೌಂಜಾರೊ 2025ರಲ್ಲಿ ಭಾರತಕ್ಕೆ ಬಂದ ಮೇಲೆ ಇಂಥದೇ ಇನ್ನೊಂದು ಇಂಜೆಕ್ಷನ್ ಒಜೆಂಪಿಕ್ ಹೆಸರಿನ "ಒಜೆಂಪಿಕ್ ಮುಖ" (ಬತ್ತಿದ ಗಲ್ಲ) ಎಂಬ ಮಾತು ಇಲ್ಲಿಗೂ ಮುಟ್ಟಿದೆ. ಗಲ್ಲ ಬೀಳುವುದಕ್ಕೆ ಮುಖ್ಯ ಕಾರಣ ಇಳಿತದ ವೇಗ. ಹಸಿವೆಯೇ ಇಲ್ಲದಾಗ ಪ್ರೋಟೀನ್ ಮೊದಲು ತಟ್ಟೆಯಿಂದ ಜಾರುತ್ತದೆ, ಅದನ್ನೇ ಮೊದಲು ತಿಂದು ಮುಗಿಸಿ.

ಇನ್ನು ಫೋಟೊ. ಫೋನನ್ನು ಒಂದು ಗೇಣು ದೂರ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದು, ಗಲ್ಲ ಸಣ್ಣದು. ತಲೆಯ ಮೇಲೆ ಟ್ಯೂಬ್‌ಲೈಟ್ ಇದ್ದರೆ ಕಣ್ಣ ಕೆಳಗೆ ನೆರಳು ಬಿದ್ದು ಎರಡು ಗುಳಿ. ತಿಂಗಳಿಗೊಮ್ಮೆ, ಬೆಳಿಗ್ಗೆ, ಅದೇ ಕಿಟಕಿಯ ಎದುರು, ಒಂದೂವರೆ ಮೀಟರ್ ದೂರದಿಂದ ಬೇರೆಯವರ ಕೈಲಿ ತೆಗೆಸಿ.

ಎಂಟು ಕಿಲೋ ಇಳಿದ ಮೇಲೂ ಹಳೆಯ ಅಂಗಿಯನ್ನೇ ಹಾಕುವವರು ಕಾಲರ್ ಗುಂಡಿ ಹಾಕಿ ಬೆರಳು ತೂರಿಸಿ ನೋಡಿ. ಎರಡು ಬೆರಳು ಹಿಡಿದರೆ ಸರಿ, ನಾಲ್ಕು ಹಿಡಿದರೆ ಆ ಅಂಗಿ ನಿಮ್ಮ ಕತ್ತನ್ನು ಕೋಳಿ ಕತ್ತು ಮಾಡುತ್ತಿದೆ. ಮೈ ಬದಿಯನ್ನು ದರ್ಜಿ ಹಿಡಿಸಿಕೊಡುತ್ತಾನೆ, ಕಾಲರ್ ಹಿಡಿಸುವುದು ತ್ರಾಸಿನ ಕೆಲಸ. ಹೊಸದೇ ಹೊಲಿಸಿ, ಇಲ್ಲವೇ ಕಾಲರ್ ಇಲ್ಲದ ಜುಬ್ಬಾ ಹಾಕಿ. ಚಾಳೀಸಿನ ಕಡ್ಡಿಯ ಒಳಬದಿಯಲ್ಲಿ 54, 18, 140 ಎಂಬಂಥ ಮೂರು ಅಂಕಿ ಇರುತ್ತವೆ: ಗಾಜಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರ್. ಮುಂದಿನ ಸಲ ಮೊದಲ ಅಂಕಿ ಎರಡು-ಮೂರು ಕಡಿಮೆ ಇರುವುದನ್ನು ಕೇಳಿ. ಕ್ಷೌರದಲ್ಲಿ ಕಿವಿಯ ಪಕ್ಕ ಪೂರ್ತಿ ಬೋಳಿಸಬೇಡಿ, ಮುಖ ಇನ್ನೂ ಉದ್ದ ಕಾಣುತ್ತದೆ. ಗಡ್ಡ ಬಿಡುವವರಿಗೆ ನಾಲ್ಕೈದು ಮಿಲಿಮೀಟರ್ ಸಾಕು, ಗದ್ದದ ಕೆಳಗೆ ಜೋತು ಬಿಡಬೇಡಿ. ಹೆಣ್ಣುಮಕ್ಕಳು ನಡುಬೈತಲೆ ತೆಗೆದು ಬಿಗಿಯಾಗಿ ಎಳೆದು ಜಡೆ ಹಾಕಿದರೆ ಕಣತಲೆಯ ಗುಳಿ ಎದ್ದು ಕಾಣುತ್ತದೆ, ಬದಿಗೆ ಬೈತಲೆ ತೆಗೆದು ಸಡಿಲ ಬಿಡಿ.

ಗಲ್ಲ ತುಂಬಲು ಸೂಜಿಯಲ್ಲಿ ಚುಚ್ಚುವ ಫಿಲ್ಲರ್ ಹಾಕಿಸಲೇ ಎನ್ನುವವರು ತೂಕ ಕನಿಷ್ಠ ಮೂರು ತಿಂಗಳು, ಸಾಧ್ಯವಾದರೆ ಆರು ತಿಂಗಳು, ಒಂದೇ ಕಡೆ ನಿಂತ ಮೇಲೆ ಯೋಚಿಸಿ. ಆ ಹೊತ್ತಿಗೆ ಅನೇಕರಿಗೆ ಬೇಡವೆನಿಸುತ್ತದೆ. ಹಾಕಿಸುವುದೇ ಆದರೆ ಚರ್ಮವೈದ್ಯರು ಅಥವಾ ಪ್ಲಾಸ್ಟಿಕ್ ಸರ್ಜನ್ ಕೈಯಲ್ಲಿ ಮಾತ್ರ. ಸೂಜಿ ತಪ್ಪಿ ಔಷಧ ರಕ್ತನಾಳಕ್ಕೆ ಹೋದರೆ ಕಣ್ಣೇ ಹೋದ ಪ್ರಕರಣಗಳಿವೆ. ಬ್ಯೂಟಿ ಪಾರ್ಲರಿನವರು ಕಡಿಮೆ ದುಡ್ಡಿಗೆ ಮಾಡುತ್ತೇವೆ ಎಂದರೆ ಹುಬ್ಬು ತೀಡಿಸಿಕೊಂಡು ಮನೆಗೆ ಬನ್ನಿ.